ಕಲ್ಯಾಣದ ಮಣ್ಣಿನಲ್ಲಿ ಲಿಲ್ಲಿ ಹೂ

ಹಳೆಯ ರಾಜಧಾನಿಯಲ್ಲಿ ಬಾಳುವ ಜನಕ್ಕೆ ಒಂದು ಚಪಲವುಂಟು. ಕಲ್ಲು ಕಂಡರೂ ಬಾವಿ ಕಂಡರೂ ಅದಕ್ಕೊಬ್ಬ ಅರಸನ ಹೆಸರನ್ನು ಕಟ್ಟದೆ ಅವರಿಗೆ ಸಮಾಧಾನವಿಲ್ಲ. ಬಸವಕಲ್ಯಾಣದ ಗೆಳೆಯರೊಬ್ಬರು ತಮ್ಮ ಅಂಗಳದಲ್ಲಿ ಮೊದಲ ಮಳೆಗೆ ಅರಳಿದ ಗುಲಾಬಿ ಬಣ್ಣದ ಲಿಲ್ಲಿಗಳನ್ನು ತೋರಿಸಿ, “ಇವು ಇವತ್ತಿನ ಹೂವಲ್ರಿ, ಚಾಲುಕ್ಯರ ತೋಟದಾಗಿನವು” ಎಂದರು. ಹೂವಿಗೆ ಇಷ್ಟು ದೊಡ್ಡ ವಂಶಾವಳಿ ಸಲ್ಲುವುದೇ ಎಂದು ವಿಚಾರಿಸಿ ನೋಡುವ ಆಸೆ ನನಗಾಯಿತು.

ಕಲ್ಯಾಣದ ಅರಸರಿಗೆ ತೋಟದ ಮೋಹವಿತ್ತೆಂಬುದರಲ್ಲಿ ಸಂದೇಹವಿಲ್ಲ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು 100 ಅಧ್ಯಾಯಗಳು. ಶಕವರ್ಷ 1051, ಎಂದರೆ ಕ್ರಿ.ಶ. 1129, ಅದರೊಳಗೇ ಉಕ್ತವಾಗಿದೆ. ಅಡುಗೆಯಿಂದ ಆನೆಯವರೆಗೆ ಅದು ಮುಟ್ಟದ ವಿಷಯ ಕಡಿಮೆ. ಕೃತಕ ಬೆಟ್ಟವನ್ನು ಕಟ್ಟಿ ಆಡುವುದು, ವನಕ್ರೀಡೆ, ಜಲಕ್ರೀಡೆ, ಹಸಿರು ಹುಲ್ಲಿನ ಮೇಲಣ ವಿಹಾರ ಇವಕ್ಕೆಲ್ಲ ಅದರಲ್ಲಿ ಸ್ಥಳವುಂಟು.

ಆದರೆ ನನ್ನ ಗೆಳೆಯರ ಲಿಲ್ಲಿ ಆ ತೋಟದಲ್ಲಿ ಇದ್ದಿರಲಾರದು. ಮಳೆ ಬಂದೊಡನೆ ಏಳುವ ಈ ಪುಟ್ಟ ಹೂವಿನ ತವರು ಅಮೆರಿಕ ಖಂಡ. ಕೊಲಂಬಸನು ಅತ್ತ ಹಾಯ್ದುದು 1492ರಲ್ಲಿ. ಅಷ್ಟು ಹೊತ್ತಿಗೆ ಕಲ್ಯಾಣದ ಚಾಲುಕ್ಯರ ರಾಜ್ಯವಳಿದು ಸುಮಾರು ಮುನ್ನೂರು ವರ್ಷಗಳಾಗಿದ್ದವು. ದೊಡ್ಡ ಕಹಳೆಯಂತೆ ಅರಳುವ ಕೆಂಪು ಲಿಲ್ಲಿಯೂ ಜೇಡನ ಕಾಲುಗಳಂಥ ಎಸಳಿನ ಬಿಳಿಯ ಲಿಲ್ಲಿಯೂ ಅದೇ ಖಂಡದವು. ದೇವರ ಮಾಲೆಗೆ ನಾವು ಕಟ್ಟುವ ಸುಗಂಧರಾಜವೂ ಮೆಕ್ಸಿಕೊ ದೇಶದ್ದೆಂದರೆ ಎಷ್ಟೋ ಜನ ನಂಬಲಾರರು.

ಹಾಗಾದರೆ ಈ ನೆಲದ ಸ್ವಂತ ಹೂ ಯಾವುದು? ಕೆರೆಗಳ ನೈದಿಲೆ ಒಂದು. ಇಂಗ್ಲಿಷರು ಅದನ್ನೂ ಲಿಲ್ಲಿಯೆಂದು ಕರೆದರು. ಸಸ್ಯಶಾಸ್ತ್ರದ ಪ್ರಕಾರ ಅದರ ಕುಲವೇ ಬೇರೆ. ಬೇಲಿಗಳಲ್ಲಿ ಮಳೆಗಾಲಕ್ಕೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆ ಇನ್ನೊಂದು. ಅದರ ಗಡ್ಡೆ ನೇಗಿಲಿನ ಆಕಾರದ್ದಾದುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು ಬಂತು. ಗಡ್ಡೆ ಬಲು ವಿಷ. ಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕು. ಒಣ ಬಯಲಿನಲ್ಲಿ ಎಲೆಯಿಲ್ಲದೆ ಹೂದಂಡವನ್ನಷ್ಟೇ ಎತ್ತುವ ಕಾಡು ಉಳ್ಳಾಗಡ್ಡಿಯೂ ಇಲ್ಲಿಯದೇ.

ಅಂದಮಾತ್ರಕ್ಕೆ ಅಂಗಳದ ಲಿಲ್ಲಿಯನ್ನು ಪರದೇಶಿಯೆಂದು ದೂರವಿಡಬೇಕೆ? ಕಲ್ಯಾಣದ ಚರಿತ್ರೆ ಬೇರೆ ಮಾತು ಹೇಳುತ್ತದೆ. ವಿಕ್ರಮಾದಿತ್ಯನ ಆಸ್ಥಾನದ ಹೆಮ್ಮೆಯಾದ ಬಿಲ್ಹಣ ಕವಿ ಕಾಶ್ಮೀರದಿಂದ ಬಂದವನು. ಬಸವಣ್ಣನವರ ಕಾಲದಲ್ಲಿ ಕಾಶ್ಮೀರದ ಅರಸನೊಬ್ಬನು ಇಲ್ಲಿಗೆ ಬಂದು ಕಟ್ಟಿಗೆ ಮಾರಿ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಶರಣರು ಸಾರಿದ ಊರು ಇದು. ಅಲ್ಲಿ ಹೂವಿಗೆ ಮಾತ್ರ ವಂಶಾವಳಿ ಕೇಳುವುದು ನ್ಯಾಯವಲ್ಲ; ಇಲ್ಲದ ವಂಶಾವಳಿಯನ್ನು ಕಟ್ಟಿಕೊಡುವುದೂ ಅಷ್ಟೇ ಅನಗತ್ಯ.

ಬಂದ ಗಡ್ಡೆಗಳು ಇಲ್ಲಿ ನೆಲೆ ನಿಂತುದಕ್ಕೆ ಹವೆಯೇ ಕಾರಣ. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಬಯಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಆಮೇಲೆ ಉದ್ದನೆಯ ಒಣಗಾಲ. ಗಡ್ಡೆಗೆ ಬೇಕಾದುದೂ ಇದೇ ಬಗೆಯ ಬಾಳು: ಆಹಾರವನ್ನು ಒಳಗೆ ಕೂಡಿಟ್ಟು ಬೇಸಗೆಯಲ್ಲಿ ನಿದ್ರೆ, ಹನಿ ಬಿದ್ದೊಡನೆ ಎಚ್ಚರ. ಮಳೆಲಿಲ್ಲಿಯ ಶಾಸ್ತ್ರೀಯ ಹೆಸರಿನಲ್ಲಿ ಗ್ರೀಕರ ಪಡುವಣ ಗಾಳಿಯ ದೇವತೆಯಿದ್ದಾನೆ. ಹುಮನಾಬಾದಿಗೂ ಮಳೆಯನ್ನು ಹೊತ್ತು ತರುವುದು ಪಡುವಣದ ಗಾಳಿಯೇ.

ಬೆಳೆಸುವವರು ಮಣ್ಣನ್ನು ನೋಡಿಕೊಳ್ಳಬೇಕು. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ. ಗಡ್ಡೆಗೆ ಅದು ಹಿತ. ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಗಡ್ಡೆ ಕೊಳೆಯುತ್ತದೆ. ಅಂಥ ಕಡೆ ಮರಳನ್ನೂ ಚೆನ್ನಾಗಿ ಕೊಳೆತ ಸಗಣಿಗೊಬ್ಬರವನ್ನೂ ಬೆರೆಸಿ, ಮಡಿಯನ್ನು ಎತ್ತರಿಸಬೇಕು. ಕೆಂಪು ಲಿಲ್ಲಿಯ ಗಡ್ಡೆಯ ಕೊರಳು ಮಣ್ಣಿನ ಮೇಲೆ ತುಸು ಕಾಣುತ್ತಿರಲಿ. ಹೂ ಬಾಡಿದ ಮೇಲೆ ಎಲೆಗಳನ್ನು ಕೊಯ್ಯುವ ಅವಸರ ಬೇಡ. ಮುಂದಿನ ವರ್ಷದ ಹೂವಿಗೆ ಆಹಾರ ಸಿದ್ಧವಾಗುವುದು ಆ ಎಲೆಗಳಲ್ಲಿ. ಅವು ತಾವಾಗಿ ಹಳದಿಯಾಗಿ ಒಣಗಲಿ.

ಮೂರು ನಾಲ್ಕು ವರ್ಷಗಳಿಗೆ ಮರಿಗಡ್ಡೆಗಳು ಒತ್ತೊತ್ತಾಗಿ ಹೂ ಕಡಿಮೆಯಾಗುತ್ತದೆ. ಆಗ ಬೇಸಗೆಯ ಕೊನೆಯಲ್ಲಿ, ಮಿರಗದ ಮಳೆಗೆ ಮುಂಚೆ, ಅವನ್ನು ಅಗೆದು ಬಿಡಿಸಬೇಕು. ತನಗೆ ಬೇಕಾದಷ್ಟನ್ನು ನೆಟ್ಟು ಉಳಿದುದನ್ನು ನೆರೆಮನೆಗೆ ಕೊಡುವುದು ಗಡ್ಡೆ ಬೆಳೆಸುವವರ ಹಳೆಯ ರೂಢಿ. ದಾಸೋಹದ ಊರಿನಲ್ಲಿ ಇದನ್ನು ಯಾರಿಗೂ ಕಲಿಸಿಕೊಡಬೇಕಾಗಿಲ್ಲ.