ಆಲಿವ್ ತೋಪಿನ ಇಗರ್ಜಿ

ಗೋವೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಚರ್ಚನ್ನು ‘ಇಗರ್ಜಿ’ ಎನ್ನುವುದು ವಾಡಿಕೆ. ಕೊಂಕಣಿಯ ನೆರೆಯಿಂದ ನಮ್ಮ ಮಾತಿಗೆ ಬಂದ ಈ ಪದದ ಮೂಲ ಪೋರ್ಚುಗೀಸ್ ಭಾಷೆಯಲ್ಲಿದೆ. ಪದ ಬಂದ ದಾರಿ ಹೀಗೆ ತಿಳಿದೀತು. ಆದರೆ ಇಲ್ಲಿನ ಮೊದಲ ಇಗರ್ಜಿಗಳು ಯಾವ ಪೀಠದ ಅಧೀನದಲ್ಲಿದ್ದವು ಎಂದು ಯಾರಾದರೂ ಕೇಳಿದರೆ, ಹಳೆಯ ಗೋವೆಯ ಭವ್ಯ ಕಟ್ಟಡಗಳತ್ತ ಕೈ ತೋರಿಸಿ ಸುಮ್ಮನಾಗುತ್ತೇವೆ. ಉತ್ತರವಿರುವುದು ಅಲ್ಲಲ್ಲ, ಪೋರ್ಚುಗಲ್ಲಿನ ನಡುನಾಡಿನ ತೊಮಾರ್ ಎಂಬ ಪಟ್ಟಣದಲ್ಲಿ, ನಬಾಂವ್ ನದಿಯ ಎಡದಂಡೆಯ ಮೇಲಿರುವ ಸಾಂತಾ ಮರಿಯಾ ದೊ ಓಲಿವಾಲ್ ಎಂಬ ಊರ ಇಗರ್ಜಿಯಲ್ಲಿ. ‘ಓಲಿವಾಲ್’ ಎಂದರೆ ಆಲಿವ್ ಮರಗಳ ತೋಪು.

ಈ ದೇವಾಲಯದ ಹುಟ್ಟು 12ನೆಯ ಶತಮಾನದ್ದು. ಸನ್ಯಾಸವ್ರತವನ್ನೂ ಖಡ್ಗವನ್ನೂ ಒಟ್ಟಿಗೆ ಧರಿಸಿದ್ದ ಟೆಂಪ್ಲರ್ ಯೋಧರ ಪೋರ್ಚುಗಲ್ ಶಾಖೆಗೆ ಆಗ ಗುವಾಲ್ದಿಂ ಪಾಯಿಶ್ ಒಡೆಯನಾಗಿದ್ದನು. 1160ರಲ್ಲಿ ಆತನು ನದಿಯ ಆಚೆಯ ಗುಡ್ಡದ ಮೇಲೆ ಕೋಟೆ ಕಟ್ಟಿಸಲು ತೊಡಗಿದನು. ಈಚೆಯ ದಂಡೆಯಲ್ಲಿ ಈ ದೇವಾಲಯ ಎದ್ದಿತು. 1190ರಲ್ಲಿ ಉತ್ತರ ಆಫ್ರಿಕದ ಅಲ್ಮೊಹದ್ ಸೇನೆ ಮುತ್ತಿದಾಗ ಕೋಟೆಯನ್ನು ಉಳಿಸಿಕೊಂಡ ಆ ಮುದುಕ, 1195ರಲ್ಲಿ ತೀರಿಕೊಂಡು ಇಲ್ಲಿಯೇ ಮಣ್ಣಾದನು. ಅಂದಿನಿಂದ ಇದು ಟೆಂಪ್ಲರ್ ಒಡೆಯರ ಸಮಾಧಿಸ್ಥಳವಾಯಿತು.

ಇಂದು ಕಾಣುವ ಕಟ್ಟಡ ಬಹುಮಟ್ಟಿಗೆ 13ನೆಯ ಶತಮಾನದ ಪುನರ್ನಿರ್ಮಾಣ. ಗಾಥಿಕ್ ಶೈಲಿ ಪೋರ್ಚುಗಲ್ಲಿನಲ್ಲಿ ಬೇರೂರುತ್ತಿದ್ದ ಕಾಲದ್ದು. ಗಾಥಿಕ್ ಎಂದೊಡನೆ ಮುಗಿಲಿಗೇರುವ ಶಿಖರಗಳನ್ನು ನೆನೆಯುವವರಿಗೆ ಇಲ್ಲಿ ನಿರಾಸೆಯಾದೀತು. ಮುಂಭಾಗ ಬಹಳ ಸರಳ: ಒಳಗೊಳಗೆ ಸರಿಯುವ ಚೂಪುಕಮಾನುಗಳ ಬಾಗಿಲು, ಅದರ ಮೇಲೆ ಹೂವಿನಂತೆ ಅರಳಿದ ದೊಡ್ಡ ದುಂಡು ಕಿಟಕಿ, ಕಲ್ಲಿನಲ್ಲಿ ಕಡೆದ ಐದು ಮೊನೆಯ ನಕ್ಷತ್ರ. ಈ ನಕ್ಷತ್ರವನ್ನು ಹಿಡಿದು ಟೆಂಪ್ಲರರ ಗುಪ್ತವಿದ್ಯೆಯ ಕಥೆಗಳನ್ನು ಹೆಣೆಯುವವರು ಬಹಳ ಮಂದಿ. ನಮಗೆ ಅವುಗಳಲ್ಲಿ ನಂಬಿಕೆಯಿಲ್ಲ. ಗಂಟೆಗೋಪುರವು ದೇವಾಲಯಕ್ಕೆ ಅಂಟಿಕೊಳ್ಳದೆ ಅದರ ಮುಂದೆ ಪ್ರತ್ಯೇಕವಾಗಿ ನಿಂತಿದೆ. ಚೌಕಾಕಾರದ, ದಪ್ಪ ಗೋಡೆಯ ಆ ಗೋಪುರವನ್ನು ಕಂಡರೆ ಗಂಟೆಗಿಂತ ಮೊದಲು ಕಾವಲು ನೆನಪಾಗುತ್ತದೆ.

ಒಳಹೋಗುವವರು ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತಾರೆ. ನೆಲ ಹೊರಗಿನ ಬೀದಿಗಿಂತ ತಗ್ಗಿನಲ್ಲಿದೆ. ಚೂಪುಕಮಾನುಗಳ ಎರಡು ಸಾಲುಗಳು ಒಳಾಂಗಣವನ್ನು ಮೂರು ಅಂಕಣಗಳಾಗಿ ವಿಭಾಗಿಸುತ್ತವೆ. ಅಂಕಣಗಳ ಮೇಲೆ ಕಲ್ಲಿನ ಚಾವಣಿಯಿಲ್ಲ, ಮರದ್ದಷ್ಟೇ. ಕಲ್ಲಿನ ಚಾವಣಿಯ ಗೌರವ ಬಲಿಪೀಠವಿರುವ ಗರ್ಭಗೃಹಕ್ಕೆ ಮಾತ್ರ ಮೀಸಲು. ಬಹುಕೋನದ ಆ ಭಾಗದ ನೀಳ ಕಿಟಕಿಗಳಿಂದ ಬೆಳಕು ಸುರಿಯುತ್ತದೆ. ಮಿತವ್ಯಯದಲ್ಲಿಯೂ ಗಾಂಭೀರ್ಯ ಸಾಧಿಸುವ ಈ ಬಗೆಯ ಕಟ್ಟಡವಿಧಾನವನ್ನು ಆ ನಾಡಿನ ಮುಂದಿನ ಅನೇಕ ಇಗರ್ಜಿಗಳಲ್ಲಿ ಕಾಣಬಹುದು.

1312ರಲ್ಲಿ ಪೋಪರು ಟೆಂಪ್ಲರ್ ಸಂಘವನ್ನೇ ರದ್ದುಗೊಳಿಸಿದರು. ಪೋರ್ಚುಗಲ್ಲಿನ ದೊರೆ ದಿನಿಶ್ ಜಾಣ. ಅವರ ಆಸ್ತಿಯನ್ನು ಹೊರಗಿನವರಿಗೆ ಬಿಟ್ಟುಕೊಡದೆ, 1319ರಲ್ಲಿ ಪೋಪರ ಒಪ್ಪಿಗೆ ಪಡೆದು ‘ಕ್ರಿಸ್ತನ ಸಂಘ’ವೆಂಬ ಹೊಸ ಸಂಘಕ್ಕೆ ಅದನ್ನು ದೊರಕಿಸಿದನು. ಮುಂದೆ ಸಮುದ್ರಯಾನಗಳಿಗೆ ಪ್ರೇರಕನಾದ ರಾಜಕುಮಾರ ಹೆನ್ರಿ ಇದೇ ಸಂಘದ ಆಡಳಿತಾಧಿಕಾರಿಯಾದನು. 1456ರಲ್ಲಿ ಪೋಪ್ ಮೂರನೆಯ ಕ್ಯಾಲಿಕ್ಸ್ಟಸ್, ಆಫ್ರಿಕದ ಕರಾವಳಿಯಿಂದ ಇಂಡಿಯಾದ ಜನರವರೆಗಿನ ನಾಡುಗಳ ಧಾರ್ಮಿಕ ಅಧಿಕಾರವನ್ನು ಈ ಸಂಘಕ್ಕೆ ವಹಿಸಿದರು. ವಾಸ್ಕೊ ಡ ಗಾಮ ಕೇರಳದ ಕರೆಗೆ ಬರಲು ಆಗ ಇನ್ನೂ 42 ವರ್ಷಗಳಿದ್ದವು. ನಮ್ಮ ಪೂರ್ವಿಕರು ಕಾಣದ, ಕೇಳದ ಒಂದು ಪತ್ರದಲ್ಲಿ ಈ ಕರಾವಳಿ ಆಗಲೇ ತೊಮಾರಿನ ಪಾಲಿಗೆ ಸೇರಿತ್ತು. ಹೀಗೆ ಆಲಿವ್ ತೋಪಿನ ಇಗರ್ಜಿ ಪೋರ್ಚುಗೀಸರ ಸಾಗರದಾಚೆಯ ಎಲ್ಲ ಇಗರ್ಜಿಗಳಿಗೆ ಮಾತೃಸ್ಥಾನವಾಯಿತು.

1510ರ ನವೆಂಬರಿನಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದಾಗ ತೊಮಾರಿನ ವಿಕಾರ್ ಪದವಿಯಲ್ಲಿದ್ದವನು ದಿಯೋಗು ಪಿಂಯೈರು. 1514ರಲ್ಲಿ ಮದೈರ ದ್ವೀಪದ ಫುಂಶಾಲಿನಲ್ಲಿ ಹೊಸ ಧರ್ಮಪ್ರಾಂತ ಸ್ಥಾಪನೆಯಾಗಿ, ತೊಮಾರಿನ ಅಧಿಕಾರ ಅದಕ್ಕೆ ವರ್ಗಾವಣೆಯಾಯಿತು. ಅದರ ಮೊದಲ ಬಿಷಪ್ ಕೂಡ ಅದೇ ಪಿಂಯೈರು! ಗೋವೆಯೂ ಅವನ ಪ್ರಾಂತದೊಳಗಿತ್ತು. ಅವನು ಗೋವೆಗೆ ಬರುವುದಿರಲಿ, ಮದೈರಕ್ಕೂ ಹೋಗಲಿಲ್ಲ. ಅವನ ಕೆತ್ತನೆಯ ಸಮಾಧಿ ತೊಮಾರಿನ ಈ ದೇವಾಲಯದ ಗರ್ಭಗೃಹದಲ್ಲಿದೆ. ಗೋವೆಗೆ ತನ್ನದೇ ಧರ್ಮಪ್ರಾಂತ ದೊರೆತದ್ದು 1530ರ ದಶಕದಲ್ಲಿ.

ಅಷ್ಟು ದೂರದ ನಾಡುಗಳಿಗೆ ಮಾತೃಸ್ಥಾನವಾಗಿದ್ದ ಈ ದೇವಾಲಯಕ್ಕೆ ತನ್ನ ಒಡಲಿನಲ್ಲಿದ್ದವರನ್ನೇ ಕಾಪಾಡಲಾಗಲಿಲ್ಲ. 16ನೆಯ ಶತಮಾನದ ಮಾರ್ಪಾಡುಗಳಲ್ಲಿ ಟೆಂಪ್ಲರ್ ಒಡೆಯರ ಬಹುಪಾಲು ಸಮಾಧಿಗಳು ಕಣ್ಮರೆಯಾದವು. ಗುವಾಲ್ದಿಂ ಪಾಯಿಶನ ಬರಹವಿರುವ ಕಲ್ಲು ಉಳಿದಿದೆ. ಶಾಸನದ ಕಲ್ಲನ್ನು ಹೊಸ ಕಟ್ಟಡದ ಪಾಯಕ್ಕೆ ಹಾಕಿದ್ದನ್ನು ಕಂಡು ಮರುಗಿದವರಿಗೆ, ಕದಂಬರ ಕಾಲದ ಕನ್ನಡ ಬರಹಗಳು ಈ ನೆಲದಲ್ಲಿ ಹೇಗೆ ಚದುರಿಹೋದವೆಂದು ಬಲ್ಲವರಿಗೆ, ಆ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

1910ರಲ್ಲಿ ಈ ಇಗರ್ಜಿ ಪೋರ್ಚುಗಲ್ಲಿನ ರಾಷ್ಟ್ರೀಯ ಸ್ಮಾರಕವಾಯಿತು. ಹಳೆಯ ಗೋವೆಯಲ್ಲಿ ಅದರ ನೆನಪನ್ನು ಹುಡುಕುವವರು ದೊಡ್ಡ ಕೆಥೆಡ್ರಲ್ಲನ್ನು ಬಿಟ್ಟು, ಅಲ್ಬುಕರ್ಕ್ ಕಾಳಗವನ್ನು ನೋಡುತ್ತ ನಿಂತಿದ್ದನೆನ್ನುವ ಗುಡ್ಡವನ್ನು ಹತ್ತಬೇಕು. ಅಲ್ಲಿ 1540ರ ದಶಕದ ರೋಸರಿ ಮಾತೆಯ ಇಗರ್ಜಿಯಿದೆ: ಕೋಟೆಯನ್ನು ಹೋಲುವ ದುಂಡು ಬುರುಜುಗಳು, ಎತ್ತರದಲ್ಲಿ ಚಿಕ್ಕ ಕಿಟಕಿಗಳು, ಕೆಳಗೆ ಮಾಂಡವಿ ನದಿ. ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ. ಮುಂದಿನ ಸಲ ಮಕ್ಕಳನ್ನು ಕರೆದೊಯ್ಯುವಾಗ ಅಲ್ಲಿಗೂ ಅರ್ಧ ಗಂಟೆ ಮೀಸಲಿಡೋಣ.