ಕಡಲಕಳೆಯ ಕಿರು ಕಠಿಣಚರ್ಮಿಗಳು: ಆಹಾರಕ್ರಮದ ಅಧ್ಯಯನ

ಬಂಡೆಗೆ ಅಂಟಿದ ಕಡಲಕಳೆಯನ್ನು ಒಂದು ಹಿಡಿ ಕಿತ್ತು ಬಟ್ಟಲು ನೀರಿನಲ್ಲಿ ಅಲುಗಿಸಿದರೆ ಅಕ್ಕಿಕಾಳಿನಷ್ಟು ಪುಟ್ಟ ಜೀವಿಗಳು ಉದುರುತ್ತವೆ. ಇವು ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ಆಂಫಿಪಾಡ್ ಮತ್ತು ಐಸೊಪಾಡ್‌ಗಳು. ಸಪೂರ ಮೈಯ ಕ್ಯಾಪ್ರೆಲ್ಲಾ ಎಂಬ ಆಂಫಿಪಾಡನ್ನು ಜೀವವಿಜ್ಞಾನಿ ಲಿನೇಯಸ್ 1767ರಲ್ಲೇ ವರ್ಣಿಸಿದ್ದ. ಆದರೆ ಇವುಗಳ ಮೇಯುವಿಕೆಯಿಂದ ಕಡಲಕಳೆಗೆ ಏನಾಗುತ್ತದೆ ಎಂಬುದನ್ನು ಪ್ರಯೋಗಗಳಿಂದ ಅರಿಯುವ ಕೆಲಸ ಬಿರುಸಾದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ.

1981ರಲ್ಲಿ ವಿಜ್ಞಾನಿಗಳಾದ ಸೂಸನ್ ಬ್ರಾಲಿ ಮತ್ತು ವಾಲ್ಟರ್ ಆಡಿ ತೊಟ್ಟಿಯಲ್ಲಿ ಬೆಳೆಸಿದ ಹವಳದಿಬ್ಬದಲ್ಲಿ ಇದನ್ನು ಪರೀಕ್ಷಿಸಿದರು. ಆಂಫಿಪಾಡ್‌ಗಳು ಎಳೆಎಳೆಯಾದ ಪಾಚಿಯನ್ನು ಮೇಯ್ದು ಮುಗಿಸಿದವು. ಆ ಜಾಗದಲ್ಲಿ ದೊಡ್ಡ ಕಡಲಕಳೆ ಬೆಳೆಯಿತು. ಇಷ್ಟು ಚಿಕ್ಕ ಬಾಯಿಗಳು ಇಡೀ ಸಸ್ಯಸಮುದಾಯದ ರೂಪವನ್ನೇ ಬದಲಿಸಬಲ್ಲವು ಎಂಬುದು ಸಾಮಾನ್ಯ ಸಂಗತಿಯಲ್ಲ.

ಈ ಚರಿತ್ರೆಯ ಅತ್ಯಂತ ಸ್ವಾರಸ್ಯಕರ ಅಧ್ಯಾಯ ಡಿಕ್ಟಿಯೋಟಾ ಎಂಬ ಕಂದು ಕಡಲಕಳೆಯದು. ಅದರಲ್ಲಿರುವ ಕೆಲವು ರಾಸಾಯನಿಕಗಳು ಮೀನು ಮತ್ತು ಕಡಲ ಅರ್ಚಿನ್‌ಗಳಿಗೆ ರುಚಿಸುವುದಿಲ್ಲ. ಆಂಫಿಪಾಡ್‌ಗಳನ್ನು ಮಾತ್ರ ಅವು ತಡೆಯುವುದಿಲ್ಲ ಎಂದು ಅಮೆರಿಕದ ಮಾರ್ಕ್ ಹೇ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಮೀನು ಬಾಯಿ ಹಾಕದ ಕಡೆ ನೆಲೆಸಿದರೆ ಊಟವೂ ಸಿಗುತ್ತದೆ, ಪ್ರಾಣವೂ ಉಳಿಯುತ್ತದೆ. ಕೆರಿಬಿಯನ್ ಸಮುದ್ರದ ಒಂದು ಆಂಫಿಪಾಡ್ ಇನ್ನೂ ಮುಂದೆ ಹೋಗಿದೆ: ಡಿಕ್ಟಿಯೋಟಾದ ಎರಡು ತುಣುಕು ಕತ್ತರಿಸಿ ಜೋಡಿಸಿ, ಆ ಗೂಡನ್ನು ಹೊತ್ತುಕೊಂಡೇ ತಿರುಗುತ್ತದೆ. 1990ರ ಒಂದು ಪ್ರಯೋಗದಲ್ಲಿ ಮೀನುಗಳು ಈ ಗೂಡಿನ ತಂಟೆಗೆ ಹೋಗಲಿಲ್ಲ. ರುಚಿಕರವಾದ ಹಸಿರು ಕಡಲಕಳೆಯ ಗೂಡು ಕಟ್ಟಿಸಿದಾಗ ಆಂಫಿಪಾಡ್‌ಗಳನ್ನು ಅವು ಬೇಗನೆ ನುಂಗಿದವು.

ಕಡಲಕಳೆಯಲ್ಲಿ ವಾಸಿಸುವುದೆಲ್ಲ ಅದನ್ನೇ ತಿನ್ನುತ್ತದೆ ಎನ್ನುವಂತಿಲ್ಲ. 2009ರಲ್ಲಿ 62 ಜಾತಿಯ ಕ್ಯಾಪ್ರೆಲ್ಲಾ ಬಳಗದ ಜೀವಿಗಳ ಹೊಟ್ಟೆ ಪರೀಕ್ಷಿಸಿದಾಗ ಹೆಚ್ಚಾಗಿ ಕಂಡದ್ದು ಕೊಳೆತ ಜೈವಿಕ ಕಣಗಳು.

ಫ್ರಾನ್ಸಿನ ರೊಸ್ಕಾಫ್‌ನಿಂದ 2022ರಲ್ಲಿ ಬಂದ ವರದಿ ಈ ಕ್ಷೇತ್ರದ ದೃಷ್ಟಿಯನ್ನೇ ಹಿಗ್ಗಿಸಿತು. ಗ್ರಾಸಿಲೇರಿಯಾ ಎಂಬ ಕೆಂಪು ಕಡಲಕಳೆಯ ಗಂಡು ಕೋಶಗಳಿಗೆ ಈಜುವ ಬಾಲವಿಲ್ಲ. ಅದರ ಮೇಲೆ ಅಂಟಿರುವ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳನ್ನು ತಿನ್ನಲು ಬರುವ ಐಡೋಟಿಯಾ ಎಂಬ ಐಸೊಪಾಡ್‌ನ ಮೈಗೆ ಆ ಕೋಶಗಳು ಮೆತ್ತಿಕೊಂಡು ಹೆಣ್ಣು ಸಸ್ಯವನ್ನು ತಲುಪುತ್ತವೆ. ಪ್ರಯೋಗದ ತೊಟ್ಟಿಗಳಲ್ಲಿ ಐಡೋಟಿಯಾ ಇದ್ದಾಗ ಫಲೀಕರಣ ಸುಮಾರು 20 ಪಟ್ಟು ಹೆಚ್ಚಾಗಿತ್ತು.