ಚಿತ್ರ ಬರೆದವರೇ ಪ್ರದರ್ಶನ ಕಟ್ಟಿದ ಬಗೆ

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಆಸ್ಥಾನದ ಚಿತ್ರಕಾರ ಕೆ. ವೆಂಕಟಪ್ಪನವರಿಗೆ ಮೈಸೂರಿನ ನಂಟು ಕಡಿಯಿತು. ಬೆಂಗಳೂರಿಗೆ ಬಂದು ಒಂಟಿಯಾಗಿ ಬಾಳಿದರು, 1965ರಲ್ಲಿ ಕಣ್ಮುಚ್ಚಿದರು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ತೆರೆದದ್ದು ಅವರಿಲ್ಲದ ಕಾಲದಲ್ಲಿ. ಅರಮನೆಯ ಆಶ್ರಯ ಮುಗಿದಿತ್ತು, ಸರ್ಕಾರದ ಆಶ್ರಯ ಇನ್ನೂ ಗಟ್ಟಿಯಾಗಿರಲಿಲ್ಲ. ಬರೆದ ಚಿತ್ರವನ್ನು ಎಲ್ಲಿ ತೂಗುಹಾಕುವುದು, ಯಾರಿಗೆ ತೋರಿಸುವುದು ಎಂಬ ಪ್ರಶ್ನೆಯನ್ನು ಕರ್ನಾಟಕದ ಕಲಾವಿದರು ಅಂದಿನಿಂದ ಹೆಚ್ಚಾಗಿ ತಾವೇ ಬಗೆಹರಿಸಿಕೊಂಡಿದ್ದಾರೆ. ನಮ್ಮ ಕಲಾಚರಿತ್ರೆ ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಆ ದುಡಿಮೆಯನ್ನು ತೆಗೆದುಕೊಳ್ಳಲಿಲ್ಲ.

ಮೊದಲು ಹುಟ್ಟಿದ್ದು ಶಾಲೆಗಳು. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ತೆರೆದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದರು, ಮುಂದೆ ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ನಡೆಸಿದರು. ಕಲಾವಿದರೊಬ್ಬರ ಹಟವೇ ಇಂಥ ಸಂಸ್ಥೆಗಳ ಬಂಡವಾಳ. 1960ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಹುಟ್ಟಿದ ಮೇಲೆ, ಎಂ.ಎಸ್. ನಂಜುಂಡರಾಯರ ದುಡಿಮೆಯಿಂದ ಶಾಲೆ, ಸಂಗ್ರಹಾಲಯ, ಪ್ರದರ್ಶನದ ಅಂಗಣ ಮೂರೂ ಒಂದೇ ಆವರಣಕ್ಕೆ ಬಂದವು.

ದೇಶದ ಬೇರೆಡೆಯೂ ಇದೇ ಹುಡುಕಾಟ ನಡೆದಿತ್ತು. ಮುಂಬಯಿಯಲ್ಲಿ 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಸೇರಿತು. ಭಾವನಗರದ ಒಂದು ಮನೆಯ ನಂಬರನ್ನೇ ಹೆಸರಾಗಿಸಿಕೊಂಡ 'ಗ್ರೂಪ್ 1890'ರ ಹನ್ನೆರಡು ಮಂದಿ 1963ರಲ್ಲಿ ದೆಹಲಿಯಲ್ಲಿ ಒಂದೇ ಒಂದು ಪ್ರದರ್ಶನ ಮಾಡಿ ಚದುರಿದರು. ನನಗೆ ಇವೆರಡಕ್ಕಿಂತ ಹೆಚ್ಚು ಪಾಠ ಕಾಣುವುದು ಮದ್ರಾಸಿನ ಹೊರಗೆ, ಕಡಲ ದಂಡೆಯ ಚೋಳಮಂಡಲದಲ್ಲಿ. ಕೆ.ಸಿ.ಎಸ್. ಪಣಿಕ್ಕರ್ ಅವರ ಸುತ್ತ ಸೇರಿದ ಕಲಾವಿದರು ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾರಿ ಬಂದ ಹಣದಲ್ಲಿ ಜಮೀನು ಕೊಂಡು, 1966ರಲ್ಲಿ ಕಲಾಗ್ರಾಮ ಹೂಡಿದರು. ಮೈಸೂರಿನ ಎಸ್.ಜಿ. ವಾಸುದೇವ್ ಅದರ ಸ್ಥಾಪಕರಲ್ಲೊಬ್ಬರು. ಚಿತ್ರ ಮಾರಾಟವಾಗಲಿ ಎಂದು ಕಾಯದೆ, ಬೇರೆ ಕೈಕೆಲಸದಿಂದ ಹೊಟ್ಟೆ ಹೊರೆದು ಚಿತ್ರದ ಸ್ವಾತಂತ್ರ್ಯ ಉಳಿಸಿಕೊಳ್ಳುವ ಆ ಲೆಕ್ಕಾಚಾರ ಇಂದಿಗೂ ಹಳತಾಗಿಲ್ಲ.

ಇತ್ತ ಬೆಂಗಳೂರಿನಲ್ಲಿ ಬಹುಕಾಲ ರೂಢಿಯಲ್ಲಿದ್ದದ್ದು ಗ್ಯಾಲರಿಯನ್ನು ದಿನಬಾಡಿಗೆಗೆ ಹಿಡಿದು ಪ್ರದರ್ಶನ ಮಾಡುವ ಕ್ರಮ. ಫ್ರೇಮು ಹಾಕಿಸುವುದು, ಆಹ್ವಾನಪತ್ರಿಕೆ ಅಚ್ಚು ಹಾಕಿಸಿ ಹಂಚುವುದು, ಉದ್ಘಾಟಕರನ್ನು ಒಪ್ಪಿಸುವುದು, ಗೋಡೆಗೆ ಮೊಳೆ ಹೊಡೆಯುವುದು, ದಿನವಿಡೀ ಕುರ್ಚಿ ಹಾಕಿಕೊಂಡು ಅಭಿಪ್ರಾಯ ಪುಸ್ತಕ ಕಾಯುವುದು, ಇಷ್ಟೂ ಕಲಾವಿದರ ಪಾಲಿನ ಕೆಲಸ. ಖಾಸಗಿ ಗ್ಯಾಲರಿಗಳು ಬಂದ ಮೇಲೆ ಕೆಲವರ ಹೊರೆ ಇಳಿಯಿತು. ಆದರೆ ಅಲ್ಲಿ ಆಯ್ಕೆಯೂ ಕಮಿಷನ್ನೂ ಗ್ಯಾಲರಿಯವರ ಕೈಯಲ್ಲಿ.

1990ರ ದಶಕದಲ್ಲಿ ಕಲೆಯೇ ಬದಲಾಯಿತು. ಭದ್ರಾವತಿಯಲ್ಲಿ ಹುಟ್ಟಿ ಕೆನ್‌ನಲ್ಲಿ ಕಲಿತ ಶೀಲಾ ಗೌಡರು ಸಗಣಿ, ದಾರ, ಕುಂಕುಮ ಹಿಡಿದು ಕೆಲಸ ಮಾಡತೊಡಗಿದರು. ಇಂಥದ್ದಕ್ಕೆ ಡ್ರಾಯಿಂಗ್ ರೂಮಿನ ಗೋಡೆ ಒದಗುವುದಿಲ್ಲ, ಬಾಡಿಗೆ ಗ್ಯಾಲರಿಯ ಆರೇಳು ದಿನವೂ ಸಾಲುವುದಿಲ್ಲ. 1999ರ 'ಸ್ಥಳಪುರಾಣಗಳು' ಯೋಜನೆಯಲ್ಲಿ ಪುಷ್ಪಮಾಲಾ ಎನ್. ಮೊದಲಾದವರು ಗ್ಯಾಲರಿ ಬಿಟ್ಟು ನಗರದ ಜಾಗಗಳನ್ನೇ ಆಯ್ದುಕೊಂಡರು. 2001ರ ಹೊತ್ತಿಗೆ ಬಾರ್1 ಹೆಸರಿನಲ್ಲಿ ಕಲಾವಿದರೇ ರೆಸಿಡೆನ್ಸಿ ಆರಂಭಿಸಿ, ಹೊರಗಿನ ಕಲಾವಿದರು ಇಲ್ಲಿ ಬಂದು ತಂಗಿ ದುಡಿಯುವಂತೆ ಮಾಡಿದರು.

2003ರಲ್ಲಿ ಸುರೇಶ್ ಜಯರಾಮ್ ಶಾಂತಿನಗರದ ತಮ್ಮ ಮನೆಯನ್ನೇ ಕಲೆಗೆ ತೆರೆದರು. ವಿಳಾಸವೇ ಹೆಸರು: ನಂ. 1, ಶಾಂತಿ ರೋಡ್. ಮೀತಾ ಜೈನ್ ಅವರು ವಿನ್ಯಾಸ ಮಾಡಿದ ಈ ಕಟ್ಟಡದಲ್ಲಿ ವಾಸದ ಮನೆ, ಅತಿಥಿ ಕಲಾವಿದರ ಸ್ಟುಡಿಯೋ, ಪ್ರದರ್ಶನದ ಕೋಣೆ ಒಂದಕ್ಕೊಂದು ಅಂಟಿಕೊಂಡೇ ಇವೆ. ಕಲಾವಿದ, ಮೇಷ್ಟ್ರು, ಬರಹಗಾರ, ಸಂಘಟಕ ಒಬ್ಬರೇ ಆಗಿರುವಾಗ ಪ್ರದರ್ಶನದ ಸ್ವಭಾವವೂ ಬೇರೆಯಾಗುತ್ತದೆ. ನೋಡಲು ಬಂದವರು ಊಟಕ್ಕೂ ಹರಟೆಗೂ ಉಳಿಯುತ್ತಾರೆ, ಇನ್ನೂ ಹೆಸರಾಗದ ಹುಡುಗರು ಅರೆಬೆಂದ ಕೆಲಸವನ್ನೂ ಅಂಜಿಕೆಯಿಲ್ಲದೆ ತೋರಿಸುತ್ತಾರೆ. ಕೊಳ್ಳುವವರ ಕಣ್ಣು ತಪ್ಪಿಸಿ ಕೆಲಸ ಮಾಗಲು ಬಿಡುವ ಇಂಥ ತಾಣವಿಲ್ಲದಿದ್ದರೆ ಬೆಂಗಳೂರಿನ ಸಮಕಾಲೀನ ಕಲೆ ಬಹಳ ಬಡವಾಗಿರುತ್ತಿತ್ತು ಎಂದು ನಾನು ನಂಬಿದ್ದೇನೆ.

2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ಅದೇ ವರ್ಷ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದ ಕಟ್ಟಡದಲ್ಲಿ ಕಲಾವಿದರೇ ನಡೆಸುವ 'ಸಮೂಹ' ಎಂಬ ತಾಣ ಶುರುವಾಯಿತು. ಸುರೇಶ್ ಕುಮಾರ್ ಜಿ., ಅರ್ಚನಾ ಪ್ರಸಾದ್ ಮತ್ತು ಜೊತೆಗಾರರು ಜಾಗದ ಖರ್ಚನ್ನೂ ದಿನಗಳನ್ನೂ ಹಂಚಿಕೊಂಡು ವರ್ಷಕ್ಕೂ ಮಿಕ್ಕಿ ಅದನ್ನು ನಡೆಸಿದರು. ಇಷ್ಟು ಕಾಲ ಮಾತ್ರ ಎಂದು ಮೊದಲೇ ಗೊತ್ತುಮಾಡಿಕೊಂಡು, ಅದರಂತೆ ಮುಗಿಸಿದರು. ಶಾಶ್ವತ ಕಟ್ಟಡದ ಆಸೆ ಬಿಟ್ಟದ್ದರಿಂದಲೇ ಅವರ ಕೈ ಹಗುರವಾಗಿತ್ತು.

ಈ ಎಲ್ಲ ಯತ್ನಗಳ ಹಿಂದೆ ಸಂಬಳವಿಲ್ಲದ ದುಡಿಮೆಯಿದೆ. ಅನುದಾನದ ಅರ್ಜಿ ಬರೆಯುವುದು, ಅತಿಥಿಯನ್ನು ನಿಲ್ದಾಣದಿಂದ ಕರೆತರುವುದು, ಪ್ರೊಜೆಕ್ಟರ್ ಹೊಂದಿಸುವುದು, ಕಡೆಗೆ ಗೋಡೆಗೆ ಮತ್ತೆ ಸುಣ್ಣ ಹೊಡೆಸುವುದು. ಆ ದಿನಗಳಲ್ಲಿ ಸ್ವಂತ ಕ್ಯಾನ್ವಾಸ್ ಖಾಲಿಯೇ ಇರುತ್ತದೆ. 1993ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಯ ನೆರವು ಇಂಥ ಕಡೆ ದೊಡ್ಡದು. ಆದರೂ ಸಂಘಟಕರಿಗೆ ಇಂತಿಷ್ಟು ಸಂಭಾವನೆ ಎಂದು ಖರ್ಚಿನ ಪಟ್ಟಿಯಲ್ಲಿ ಬರೆಯಲು ನಮ್ಮವರು ಇನ್ನೂ ಸಂಕೋಚಪಡುತ್ತಾರೆ. ಈ ಸಂಕೋಚ ಹೋಗಲೇಬೇಕು.

ಪ್ರಮಾಣ ಬೆಳೆದಾಗ ಏನಾಗುತ್ತದೆಂಬುದನ್ನು ಕೊಚ್ಚಿಯಲ್ಲಿ ಕಂಡೆವು. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಎಂಬ ಇಬ್ಬರು ಕಲಾವಿದರು 2012ರ ಡಿಸೆಂಬರ್ 12ರಂದು ಆರಂಭಿಸಿದ ಕೊಚ್ಚಿ-ಮುಜಿರಿಸ್ ಬಿನಾಲೆ ಪ್ರತಿ ಆವೃತ್ತಿಯನ್ನೂ ಕಲಾವಿದರ ಕೈಗೇ ಒಪ್ಪಿಸಿತು. 2016ರದ್ದನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ. 2022ರಲ್ಲಿ ಉದ್ಘಾಟನೆ ಮುಂದಕ್ಕೆ ಹೋದಾಗ, ಸಿದ್ಧತೆಯ ಕೊರತೆಗಳ ಬಗ್ಗೆ ಭಾಗವಹಿಸಿದ ಕಲಾವಿದರೇ ಬಹಿರಂಗ ಪತ್ರ ಬರೆದರು. ಕಲಾವಿದರೇ ಕಟ್ಟಿದ ವೇದಿಕೆಗೂ ಲೆಕ್ಕ ಒಪ್ಪಿಸುವ ಹೊಣೆ ತಪ್ಪದು.

ಇತ್ತ ಬೆಂಗಳೂರಿನಲ್ಲಿ 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಚಿತ್ರಸಂತೆ ಗ್ಯಾಲರಿ ಮೆಟ್ಟಿಲು ಹತ್ತದ ಸಾವಿರಾರು ಜನರನ್ನು ಕಲಾವಿದರ ಮುಂದೆ ತಂದು ನಿಲ್ಲಿಸಿದೆ. ಆದರೂ ಗ್ಯಾಲರಿಯ ಅಗತ್ಯ ತೀರಿಲ್ಲ. 2016ರಲ್ಲಿ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಯೋಜನೆ ಬಯಲಾದಾಗ ಬೆಂಗಳೂರಿನ ಕಲಾವಿದರು ಬೀದಿಗಿಳಿದರು. ಸಾಧಾರಣ ಬಾಡಿಗೆಗೆ ಸಿಗುವ ಆ ಗೋಡೆಗಳಲ್ಲೇ ಎಷ್ಟೋ ಮಂದಿಯ ಮೊದಲ ಪ್ರದರ್ಶನ ನಡೆದಿತ್ತು, ಮುಂದೆಯೂ ನಡೆಯಬೇಕಿತ್ತು.